ಶಿಫಾರಸು ಪತ್ರದ ಕರಡು

ಬೆಟಗೇರಿ, ಸೋಮವಾರ

ಮಾನ್ಯರೆ,
ಧಾರವಾಡದಿಂದ ನಿಮ್ಮ ನಮೂನೆ ಬಂದು ಹನ್ನೊಂದು ದಿನವಾಯಿತು.
ದೇವಸೇವೆಯ ಓದಿಗೆ ನಮ್ಮ ಸಭೆಯಿಂದ ಒಬ್ಬರ ಹೆಸರು,
ಒಬ್ಬರದೇ, ದುಂಡಗೆ ಬರೆಯಬೇಕೆಂದಿದೆ.
ಮೂವತ್ತೊಂದು ವರ್ಷ ಸಾಲಿಯ ಹಾಜರಿ ಬರೆದ ಕೈ ಇದು.
ಹೆಸರೊಂದಕ್ಕೆ ತಡವರಿಸಿದ್ದು ಇದೇ ಮೊದಲು.

ಮೊದಲು ಬರೆದದ್ದು ನತಾನಿಯೇಲನ ಹೆಸರು.
ಸುಳ್ಳು ಹೇಳಲಾರೆ, ಅವ ನನ್ನ ತಂಗಿಯ ಮಗ.
ಪ್ರಾರ್ಥನೆಗೆ ಅವ ನಿಂತರೆ
ಹಿಂದಿನ ಬೆಂಚಿನ ಮುದುಕಿಯರೂ ಸೆರಗು ಸರಿಮಾಡಿಕೊಳ್ಳುತ್ತಾರೆ.
ಗಿಟಾರು ಬರುತ್ತದೆ, ಇಂಗ್ಲಿಷು ಬರುತ್ತದೆ,
ಕೈಗೆ ಬಂದ ಮೈಕು ಬಿಟ್ಟುಕೊಡಲು ಮಾತ್ರ ಬರುವುದಿಲ್ಲ.
ಆ ಹೆಸರಿನ ಮೇಲೆ ಗೀಟು ಎಳೆದಿದ್ದೇನೆ. ಕ್ಷಮಿಸಿ,
ನಮೂನೆ ಒಂದೇ ಇತ್ತು.

ಕೆಳಗಿರುವುದು ತಬಿತಾಳ ಹೆಸರು.
ನೇಕಾರರ ಓಣಿಯ ಶೆಡ್ಡಿನಲ್ಲಿ ನಾಲ್ಕು ಮಗ್ಗ ನೋಡಿಕೊಳ್ಳುತ್ತಾಳೆ.
ವಯಸ್ಸು ಇಪ್ಪತ್ತೇಳು. ಪಿಯುಸಿ, ಅದರಲ್ಲೂ ಒಂದು ವಿಷಯ ಬಾಕಿ.
ಆಕೆ ಹಾಡಿದರೆ ಪಕ್ಕದವರು ತಾಳ ತಪ್ಪುತ್ತಾರೆ.

ಒಮ್ಮೆ ಚಂದಾ ಪುಸ್ತಕ ಹಿಡಿದು ಶೆಡ್ಡಿಗೆ ಹೋಗಿದ್ದೆ.
ನಾಲ್ಕೂ ಮಗ್ಗ ಹೊಡಕೊಳ್ಳುತ್ತಿದ್ದವು, ನನ್ನ ಮಾತು ನನಗೇ ಕೇಳದು.
ನನ್ನ ಕಡೆ ಮುಖ ಮಾಡಿ ನಿಂತವಳು
ಫಕ್ಕನೆ ತಿರುಗಿ ಮೂರನೆಯದನ್ನು ನಿಲ್ಲಿಸಿದಳು.
ಹರಿದಿತ್ತು ಒಂದು ಎಳೆ, ಕೂದಲಿನಂಥದ್ದು.
‘ಹೆಂಗ ತಿಳೀತವ್ವಾ?’
‘ಸಪ್ಪಳ ಬ್ಯಾರೆ ಆತಲ್ರೀ ಸರ.’
ಉಗುರಿನ ತುದಿಯಲ್ಲಿ ಗಂಟು ಹಾಕಿದಳು.
ಆಮೇಲೆ ಹುಡುಕಿದರೂ ಆ ಗಂಟು ನನಗೆ ಸಿಗಲಿಲ್ಲ.

ಅಂದಿನಿಂದ ರವಿವಾರ ಪ್ರಸಂಗ ಕೇಳುವುದು ಬಿಟ್ಟು
ಆಕೆಯನ್ನು ಗಮನಿಸುತ್ತ ಕೂತೆ.
ಇನ್ನೂರು ಜನ ಒಟ್ಟಿಗೆ ಆಮೆನ್ ಅಂದರೂ
ಅದರಲ್ಲಿ ಯಾರ ದನಿ ಇಲ್ಲವೆಂದು ಆಕೆಗೆ ತಿಳಿಯುತ್ತದೆ.
ಮಧ್ಯಾಹ್ನ ಅವರ ಬಾಗಿಲ ಮುಂದೆ
ಆಕೆಯ ಹವಾಯಿ ಚಪ್ಪಲಿ.

ಸುಗ್ಗಿ ಹಬ್ಬದ ದಿನದ್ದನ್ನೂ ಬರೆಯಬೇಕು, ಬೇಡವೆಂದರೂ.
ಚಂದಾ ಬಾಕಿಯವರ ಯಾದಿ ಓದುವುದು ನಮ್ಮಲ್ಲಿ ವಾಡಿಕೆ.
ಯಾದಿ ಬರೆದವ ನಾನು, ಹದಿನಾಲ್ಕು ಹೆಸರು.
ಓದುವ ಪಾಳಿ ಆಕೆಯದು.
ಕಾಗದ ಬಿಡಿಸಿದಳು,
‘ತಬಿತಾ, ಎರಡು ನೂರಾ ಐವತ್ತು’ ಅಂದಳು,
ಮಡಿಚಿ ಬೈಬಲ್ಲಿನೊಳಗಿಟ್ಟು ಇಳಿದು ಬಂದಳು.
ಆಕೆಯ ಹೆಸರು ಆ ಯಾದಿಯಲ್ಲಿ ಇರಲೇ ಇಲ್ಲ, ಮಾನ್ಯರೆ.
ಆಗಸ್ಟಿನಲ್ಲೇ ಆಕೆಗೆ ಪಾವತಿ ಹರಿದುಕೊಟ್ಟವ ನಾನು.

ಸಿಟ್ಟು ಬಂತು.
ಎರಡು ವಾರ ಆಕೆಯ ನಮಸ್ಕಾರಕ್ಕೆ ತಲೆಯಾಡಿಸಲಿಲ್ಲ.
ಮೂರನೇ ವಾರ ದೀಪ ಆರಿಸುತ್ತ ನನ್ನ ಹೆಂಡತಿ ಕೇಳಿದಳು:
‘ಆ ಯಾದ್ಯಾಗ ಸಾಲೋಮವ್ವನ ಹೆಸರಿತ್ತೇನು?
ಗಂಡನ ಕಿಡ್ನಿಗಂತ ಬೆಂಡೋಲಿ ಮಾರ್ಯಾಳ, ಪಾಪ.’
ಇತ್ತು. ಒಂಬತ್ತನೆಯದು.
ನನ್ನ ದುಂಡನೆಯ ಅಕ್ಷರದಲ್ಲಿ.

ಹಳೆಯ ಕಥೆಯಲ್ಲಿ ಅಣ್ಣಂದಿರು ಸಾಲಾಗಿ ನಿಂತಾಗ
ಪ್ರವಾದಿಯ ಕಣ್ಣೂ ಎತ್ತರದವನ ಮೇಲೇ ಬಿದ್ದಿತ್ತು.
ಎಣ್ಣೆಯ ಕೊಂಬು ಹಿಡಿದವರಿಗೂ ತಪ್ಪುತ್ತದೆ ಎನ್ನುವುದು
ಈ ಮುದುಕನಿಗೆ ಉಳಿದ ಸಮಾಧಾನ.

ನಾಲ್ಕನೇ ಕಾಲಮ್ಮು, ‘ನಾಯಕತ್ವದ ಗುಣ’. ಅರ್ಧ ಇಂಚು ಜಾಗ.
‘ಎಳೆ ಹರಿದದ್ದು ಕೇಳಿಸುತ್ತದೆ’ ಎಂದು ತುಂಬಿದ್ದೇನೆ.
ಕಚೇರಿಯಲ್ಲಿ ಅರ್ಥವಾಗದಿದ್ದರೆ
ಯಾರಾದರೂ ಒಂದು ದಿನ ಶೆಡ್ಡಿಗೆ ಬಂದು ನಿಲ್ಲಲಿ.

ಒಂದು ತೊಡಕಿದೆ. ಆಕೆಯನ್ನು ಇನ್ನೂ ಕೇಳಿಲ್ಲ.
ಸಂಜೆ ಪಾಳಿ ಬಿಟ್ಟಾಗ ಹೋಗುವೆ.
ಏನನ್ನುತ್ತಾಳೆಂಬುದು ಈಗಲೇ ಕಿವಿಯಲ್ಲಿದೆ:
‘ನಾ ಹ್ವಾದರ, ನಳ ಬಂದ ದಿನ
ಸಾಲೋಮವ್ವನ ಕೊಡ ಯಾರು ತುಂಬತಾರ್ರೀ ಸರ?’

ನಮ್ಮೂರ ನಳ ನಿಮಗೆ ಗೊತ್ತಿರಬೇಕು, ಬಂದಾಗ ಬಂತು.
ಆರು ಕೊಡ, ಮೇಲೆ ಒಂದು ಹಂಡೆ.
ನನ್ನ ಮೊಣಕಾಲಿಗೆ ಅರವತ್ತೆಂಟು.
ಲಕೋಟೆಗೆ ಇನ್ನೂ ಅಂಟು ಹಚ್ಚಿಲ್ಲ.