ಎರಡೂ ಬದಿ

ಮಾಗಡಿ ರಸ್ತೆಯಲ್ಲಿ, ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು
ಆರಡಿ ಅಗಲದ ಜೆರಾಕ್ಸ್ ಅಂಗಡಿ ನನ್ನದು.
ಬಾಡಿಗೆಯದು, ಅಂದರೆ.
ಒಂದು ಬದಿಗೆ ಎರಡು ರೂಪಾಯಿ, ಎರಡೂ ಬದಿಗೆ ಮೂರು.
ಇಪ್ಪತ್ತೆರಡು ವರ್ಷದಲ್ಲಿ ಬೆಂಗಳೂರಿನ ಪಡುವಣ ದಿಕ್ಕನ್ನೆಲ್ಲ
ಗಾಜಿನ ಮೇಲೆ ಬೋರಲು ಮಲಗಿಸಿ
ಬೆಳಕು ಹಾಯಿಸಿದ್ದೇನೆ.

ಬರುವವರೆಲ್ಲ ನನ್ನನ್ನೇ ಕೇಳುತ್ತಾರೆ, ಲಾಯರಿಗಾದರೆ ದುಡ್ಡು ಕೊಡಬೇಕಲ್ಲ.
ಅಕ್ಕಾ, ಬಿ ಖಾತಾ ಇದ್ರೆ ಸಾಲ ಸಿಗುತ್ತಾ?
ಇ.ಸಿ. ಎಷ್ಟು ವರ್ಷದ್ದು ತೆಗೆಸಬೇಕು, ಹದಿಮೂರು ಸಾಕಾ?
ಕನ್ವರ್ಷನ್ ಆಗಿದೆ ಅಂತಾರೆ, ಕಾಗದ ಮಾತ್ರ ತೋರಿಸಲ್ಲ.
ಮೇಲೆ ಹೈಟೆನ್ಷನ್ ತಂತಿ ಇದೆ, ಪಟ ಹಾರಿಸೋ ಮಕ್ಕಳಿದಾರೆ.
ಕಾವೇರಿ ನೀರು ಯಾವಾಗ ಬರುತ್ತೆ?
ರಾಜಕಾಲುವೆ ನಕ್ಷೆಯಲ್ಲಿದೆ, ನೆಲದ ಮೇಲಿಲ್ಲ, ಪರವಾಗಿಲ್ವಾ?
ನೈಋತ್ಯ ತುಸು ಬೆಳೆದಿದೆ, ಯಜಮಾನರಿಗೆ ಏನೂ ಆಗಲ್ಲ ತಾನೆ?
ನಾನು ಹಾಳೆ ತಟ್ಟಿ ಸಮ ಮಾಡಿ, ಸ್ಟೇಪಲ್ ಹೊಡೆಯುತ್ತಾ
ತಿಳಿದಷ್ಟು ಹೇಳುತ್ತೇನೆ:
ನೀವು ಮರೆತರೂ ಕಾಲುವೆ ಮರೆಯುವುದಿಲ್ಲ,
ಮಳೆ ಬಂದಾಗ ನಕ್ಷೆ ಓದಿಕೊಂಡೇ ಬರುತ್ತದೆ.

ಹೋದ ದೀಪಾವಳಿಗೆ ನನಗೂ ಚೀಟಿ ಎದ್ದಿತು.
ಮುನಿಕೆಂಪಣ್ಣ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ
ಇಪ್ಪತ್ತು ಮೂವತ್ತು ಸೈಟು, ಪೂರ್ವಕ್ಕೆ ಬಾಗಿಲು, ತೋರಿಸಿದ.
ನಾಲ್ಕು ಕಲ್ಲು, ತಲೆಗೆ ಕೆಂಪು ಬಣ್ಣ.
ನಡುವೆ ಯಾರದೋ ಹುಚ್ಚೆಳ್ಳು ಇನ್ನೂ ಹೂ ಬಿಟ್ಟಿತ್ತು.
ಅಡುಗೆಮನೆ ಎಲ್ಲಿ ಬರುತ್ತದೋ ಅಲ್ಲಿ ನಿಂತು ನೋಡಿದೆ.
ಒಗ್ಗರಣೆಯ ಘಾಟೂ ಬಂತು ಅನ್ನಿ.
ಐವತ್ತು ಸಾವಿರ ಅಡ್ವಾನ್ಸ್ ಅಲ್ಲೇ ಎಣಿಸಿದೆ,
ಕಂಡವರಿಗೆಲ್ಲ ಮೊದಲು ಕಾಗದ ನೋಡಿ ಅನ್ನುತ್ತಿದ್ದವಳು.

ಕಾಗದ ಆಮೇಲೆ ಬಂತು.
ಮೂಲಪತ್ರ, ಪಹಣಿ, ಪೋಡಿ ನಕ್ಷೆ, ಕಂದಾಯದ ರಸೀದಿ,
ಎಲ್ಲದರ ಕೆಳಗೆ ವಂಶವೃಕ್ಷ.
ದೊಡ್ಡಹನುಮಯ್ಯ, ಅವನಿಗೆ ಮೂವರು ಗಂಡುಮಕ್ಕಳು,
ಆಮೇಲೆ ಒಂದು ಬೆರಳಗಲ ಬಿಳಿ ಜಾಗ,
ಆಮೇಲೆ ಮುದ್ರೆ.
ಬಿಳಿಯ ಸುತ್ತ ಕೂದಲೆಳೆಯಷ್ಟು ಬೂದು ಗೆರೆ.
ಮೇಲೊಂದು ಚೀಟಿ ಇಟ್ಟು ತೆಗೆದ ಪ್ರತಿಗೆ ಬೀಳುವ ನೆರಳು ಅದು.
ಬಲ ಅಂಚಿನಲ್ಲಿ ತುದಿಯಿಂದ ಬುಡಕ್ಕೆ ಒಂದು ಗೀರು:
ನನ್ನ ಹಳೇ ಮೆಷಿನ್ನಿನ ಡ್ರಮ್ಮಿಗೆ ಅದೇ ಗಾಯವಿತ್ತು,
ಗುಜರಿಗೆ ಹಾಕುವವರೆಗೂ ವಾಸಿಯಾಗಲಿಲ್ಲ.

ಯಾವತ್ತೋ ಒಂದು ಮಧ್ಯಾಹ್ನ, ಯಾರೋ ಒಬ್ಬ,
ಇಲ್ಲಿ ಇಂಕು ಚೆಲ್ಲಿದೆ, ಮುಚ್ಚಿ ತೆಗೀರಿ ಅಕ್ಕಾ ಅಂದಿರಬೇಕು.
ಕ್ಯಾಲೆಂಡರಿನ ಹಾಳೆ ಹರಿದು ನಾನೇ ಇಟ್ಟಿರಬೇಕು.
ನೆನಪಿಲ್ಲ. ಆಗೆಲ್ಲ ಕರೆಂಟು ಹೋಗುವುದರೊಳಗೆ
ದಿನಕ್ಕೆ ಸಾವಿರ ಹಾಳೆ.
ಚೀಟಿಯ ಕೆಳಗೆ ಎಷ್ಟು ಹೆಸರು ಹಿಡಿಸುತ್ತವೆ?
ಒಂದೇ ಸಾಲು. ಬಹಳವೆಂದರೆ ಇಬ್ಬರು ಹೆಂಗಸರು.

ಹನುಮಯ್ಯಂಗೆ ಹೆಣ್ಮಕ್ಕಳು ಎಷ್ಟು, ಮುನಿಕೆಂಪಣ್ಣನನ್ನು ಕೇಳಿದೆ.
ಅವನು ಟೀ ಲೋಟದೊಳಗೆ ನೋಡಿದ.
ಅದನ್ನೆಲ್ಲ ಯಾರಮ್ಮಾ ಕೇಳ್ತಾರೆ, ಮದುವೆಯಾಗಿ ಹೋದೋರು.
ಎಲ್ಲಿಗೆ?
ಎಲ್ಲೋ ಕೆಂಗೇರಿ ಕಡೆ.

ಅಡ್ವಾನ್ಸ್ ವಾಪಸು ಕೇಳಲೋ, ಕೆಂಗೇರಿ ಬಸ್ಸು ಹತ್ತಲೋ,
ಹತ್ತಿ, ಇಳಿದು, ಯಾವ ಹೆಸರು ಹಿಡಿದು ವಿಚಾರಿಸಲೋ.
ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ
ಯಾರೂ ನನ್ನ ಅಂಗಡಿಗೆ ತಂದಿರಲಿಲ್ಲ.

ಹೊರಗೆ ಕ್ಯೂ ಬೆಳೆದಿದೆ. ಇಸ್ತ್ರಿಯ ಗೆರೆ ಮಾಸದ ಶರ್ಟಿನ ಹುಡುಗನೊಬ್ಬ
ಹಾಳೆ ಚಾಚುತ್ತಾನೆ, ಹನ್ನೊಂದಕ್ಕೆ ರಿಜಿಸ್ಟ್ರೇಷನ್ನಂತೆ.
ಎರಡೂ ಬದಿನಾ, ಅನ್ನುತ್ತೇನೆ.
ಹಿಂದೆ ಏನೂ ಇಲ್ಲ ಅಕ್ಕಾ, ಖಾಲಿ.
ತಿರುಗಿಸಿ ನೋಡುತ್ತೇನೆ.