ಕರಿ ಎರಡು, ಬಿಳಿ ನಾಕು

ಸೊಲ್ಲಾಪುರದ ಚಾದರಿನ ಶೆಡ್ಡಿನ್ಯಾಗ ಬೆಳೀತು ನನ್ನ ದನಿ.
ಖಟಕ್ ಖಟಕ್ ನಡುವ
ಬಾಜೂ ಮಗ್ಗದ ರಾಚವ್ವಗ ಕೇಳಸಬೇಕಂದ್ರ
ಹೊಟ್ಟಿಯಿಂದ ಒದರಬೇಕು.

ಸೋಮವಾರ ಮಠದಾಗ ತತ್ವಪದ.
ಮಲಕಣ್ಣ ಪೇಟಿ ಒತ್ತಿ ಅಂತಾನ:
"ಕರಿ ಎರಡು. ಅಕ್ಷರ ಅಗಿ, ನುಂಗಬ್ಯಾಡ."
ಏಕಾದಶಿಗೆ ವಿಠೋಬನ ಗುಡಿ, ಬಿಳಿ ನಾಕು.
ಅಲ್ಲಿ ಮರಾಠಿ ಚ
ಹಲ್ಲಿನ ಸಂದಿಯೊಳಗ ಹಾದು ಬರಬೇಕು,
ದನಿ ತಾಳದ ಕಂಚು ದಾಟಿ ಮ್ಯಾಲ ಕುಂದರಬೇಕು.

ಲಗ್ನದ ದಿನದಾಗ ಆರ್ಕೆಸ್ಟ್ರಾ.
ಮೈಕಿಗೆ ತುಟಿ ಹತ್ತಿದ್ರ ಉಸಿರೂ ಹಾಡಾಗ್ತದ.
ಸೌಂಡಿನ ಹುಡುಗ ಮುನಾಫ್ ಕಿವಿ ಮುಚ್ಚಿಕೊಂಡ:
"ಅಕ್ಕಾ, ಒದರಬ್ಯಾಡ್ರಿ.
ಯಾರದರೆ ಕಿವ್ಯಾಗ ಹೇಳಿದಂಗ ಹಾಡ್ರಿ."

ಕಿವ್ಯಾಗ ಹೇಳೂದಂತ!
ಒಂದು ಬ್ಯಾಸಗಿ ಹಿಡೀತು ಅದಕ್ಕ.
ಬಚ್ಚಲದಾಗ, ನೀರಿನ ಕೊಡದೊಳಗ ಬಾಯಿಟ್ಟು,
ರಾತ್ರಿ ಮಲಗಿದ ಗಂಡನ ಬೆನ್ನಿಗೆ
ಸಣ್ಣಗ, ಇನ್ನೂ ಸಣ್ಣಗ,
ದಾರ ಸೂಜಿ ಕಣ್ಣಿಗೆ ಹೋದಂಗ
ಹಾಡಿ ಹಾಡಿ ಕಲ್ತೆ.

ನಿನ್ನೆ ಕರೆಂಟ್ ಹೋತು. ಮಗ್ಗ ಎಲ್ಲಾ ನಿಂತ್ವು.
ಅಂಥಾ ಹೊತ್ತು ಮತ್ತ ಸಿಗೂದಿಲ್ಲಂತ
ರಾಚವ್ವನ ಹತ್ತರ ಸರದು
ಹೊಸಾ ದನೀಲೆ ಎರಡು ಸಾಲು ಹಾಡಿದೆ.
ಆಕಿ ನನ್ನ ತುಟಿನ ನೋಡಿದಳು, ಬಾಳೊತ್ತು.
ಆಮ್ಯಾಲ,
"ಏನ? ಜೋರ ಹೇಳ" ಅಂದಳು.