ಕೊನೆಯ ರೀಲು

ಶ್ರೀಯಾನ್ ಮಾಸ್ತರರು ಕನ್ನಡಕದ ಮೇಲಿಂದ ಕೇಳುತ್ತಾರೆ:
"ಓದಿದ್ದೋ, ಬರೀ ನೋಡಿದ್ದೋ?"
ಸಂಘದ ಕಪಾಟಿನಲ್ಲಿ ಆ ಕಾದಂಬರಿ,
ನಾನೂರ ಹನ್ನೆರಡು ಪುಟ, ಜಿರಲೆ ತಿಂದ ಬೆನ್ನು.
ನೋಡಿದ್ದು ಸರ್. ಅದೂ ನಾನಲ್ಲ, ಅಮ್ಮ.

ಮಾಟುಂಗದಲ್ಲಿ ಭಾನುವಾರ ಬೆಳಗಿನ ಆಟ,
ತಿಂಗಳಿಗೊಂದು ಕನ್ನಡ ಪಿಕ್ಚರು.
ಒಂಬತ್ತಕ್ಕೆ ಶುರು. ಭಾಂಡುಪಿನ ನಮ್ಮ ಚಾಳಿನಲ್ಲಿ
ಹನ್ನೆರಡಕ್ಕೆ ನೀರು, ಇಪ್ಪತ್ತೇ ನಿಮಿಷ.
ಹಾಗಾಗಿ ಅಮ್ಮ ಯಾವ ಕತೆಯ ಕೊನೆಯನ್ನೂ ಕಂಡವಳಲ್ಲ.
ಹನ್ನೊಂದು ಹತ್ತಕ್ಕೆ ಎದ್ದಳೆಂದರೆ ಎದ್ದಳು,
ಕತ್ತಲಲ್ಲಿ ಮಂದಿಯ ಮೊಣಕಾಲು ದಾಟಿ,
ಸೆರಗಿನ ಗಂಟಿನಲ್ಲಿ ರಿಟರ್ನ್ ಟಿಕೇಟು.

ಆವತ್ತು ಪರದೆಯ ಮೇಲೆ ಆ ಸೊಸೆ
(ಚಾಳಿಗಾಗಿ ಅಮ್ಮ ಇಟ್ಟ ಹೆಸರು ಚಂದ್ರಭಾಗಾ)
ಕೊಡಕ್ಕೆ ಹಗ್ಗ ಬಿಗಿದು ಬಾವಿಗೆ ಇಳಿಬಿಟ್ಟಿದ್ದಳು.
ಬಗ್ಗಿ ನೋಡಿದಳು. ನೋಡುತ್ತಲೇ ಇದ್ದಳು.
ನೀರೆತ್ತುವಳೋ, ತಾನೇ ಇಳಿಯುವಳೋ
ಅನ್ನುವಷ್ಟರಲ್ಲಿ ಲೋಕಲ್ಲಿಗೆ ಹೊತ್ತಾಯಿತು.

ನಲ್ಲಿಯ ಮುಂದೆ ಕ್ಯೂ. ತುಳು ಬೆರೆತ ಮರಾಠಿಯಲ್ಲಿ
ಅತ್ತೆಯಾಗಿ ಗದರಿ, ಗಂಡನಾಗಿ ಕೆಮ್ಮಿ
ಹೇಳುತ್ತಿದ್ದಳು ಅಮ್ಮ, ಹೆಬ್ಬೆಟ್ಟಿನವಳು.
ಹಂಡೆಗಳ ನಡುವೆ ಕೂತು ನಾನು, ಏಳು ವರ್ಷ.
"ಮಗ್ ಕಾಯ್ ಝಾಲ?" ಶೇವಂತಾಬಾಯಿ ಕೇಳಿದರೆ
ಒಂದು ದಿನ ಕೊಡದ ತುಂಬ ಬೆಳ್ಳಿ ನಾಣ್ಯ.
ಶೇವಂತಾಬಾಯಿಯ ಕೆನ್ನೆ ಊದಿದ ಮರುದಿನ
ಬಾವಿಗೆ ಬಿದ್ದದ್ದು ಗಂಡ.
ಕಾರ್ಖಾನೆಗೆ ಬೀಗ ಬಿದ್ದ ವಾರ
ಕೊಡ ಖಾಲಿಯೇ ಮೇಲೆ ಬಂತು.
ನೀರು ಬಾರದ ದಿನ ಯಾರೂ ಏನೂ ಕೇಳಲಿಲ್ಲ.

"ಬಾವಿಯೇ ಇಲ್ಲ ಮಾರಾಯ್ತಿ, ಮೂಲದಲ್ಲಿ!
ಅದು ಸಿನೆಮಾದವರು ಸೇರಿಸಿದ್ದು,"
ಮಾಸ್ತರರು ಪುಟ ತಿರುಗಿಸಿ ತಿರುಗಿಸಿ ತೋರಿಸುತ್ತಾರೆ.
ಅಷ್ಟೂ ಪುಟ ಆ ಮನೆಯವರು
ನೀರು ಎಲ್ಲಿಂದ ಕುಡಿದರು ಸರ್?
ಅವರು ನಗಲಿಲ್ಲ. ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದು
ಹದಿನೈದು ದಿನ, ಎಂದರು.

ಪುಸ್ತಕ ಚೀಲದಲ್ಲಿದೆ, ಟಿಫಿನ್ನಿನ ಕೆಳಗೆ.
ಪಿಕ್ಚರು ಫೋನಿನಲ್ಲಿದೆ, ಬಿಟ್ಟಿ ಸಿಗುತ್ತದೆ ಈಗ.
ಕುರ್ಲಾ ದಾಟಿದ ಮೇಲೆ ಹಚ್ಚಿದೆ,
ಬೆರಳಲ್ಲಿ ಸರಿಸಿ ಸರಿಸಿ ಬಾವಿಯವರೆಗೆ.
ಹಗ್ಗ ಇಳಿಯಿತು. ಅವಳು ಬಗ್ಗಿದಳು.
ಅಮ್ಮನಿಗಿಂತ ಎಷ್ಟು ಚಿಕ್ಕವಳು!
ಅಲ್ಲೇ ಒತ್ತಿ ನಿಲ್ಲಿಸಿದೆ.

ಪಕ್ಕದ ಸೀಟಿನ ಹುಡುಗಿ, ಗುರುತಿಲ್ಲ,
ಆಗಿನಿಂದ ನನ್ನ ಫೋನಿಗೇ ಕಣ್ಣು ನೆಟ್ಟವಳು
ಮುಖವೆತ್ತಿ ಕೇಳಿದಳು: "ಮಗ್?"

ಘಾಟ್ಕೋಪರ್ ಬಿಟ್ಟಿತ್ತು.
ಭಾಂಡುಪಿಗೆ ಇನ್ನು ಮೂರೇ ಸ್ಟೇಷನ್ನು.
ಫೋನು ಮಗುಚಿ ತೊಡೆಯ ಮೇಲಿಟ್ಟು
ಮೊದಲು ಅತ್ತೆಯಾಗಿ ಗದರಿದೆ.